ಲ್ಯಾಪ್‌ಟಾಪಿನಲ್ಲಿ ಫೈರ್ ಸರ್ವರ್ ಕೈಕೊಟ್ಟಾಗ: ‘ಇಲ್ಲ’ ಅಂದಿದ್ದು ಯಾವ ಕಿಟಕಿ?

“ಅಕ್ಕಾ, ಎಪಿಐ ಓಡ್ತಾ ಇಲ್ಲ.”

ಅರಸೀಕೆರೆಯಿಂದ ನಮ್ಮ ಹುಡುಗ ಫೋನ್ ಮಾಡಿದರೆ ಮೊದಲು ಬರುವ ಮಾತು ಇದೇ. ಎಪಿಐ ಅಂದರೆ ಒಂದು ಪ್ರೋಗ್ರಾಂ ಇನ್ನೊಂದರ ಜೊತೆ ಮಾತಾಡುವ ಬಾಗಿಲು. ನಾನು ಹಾಸನದಲ್ಲಿ, ಬಿ.ಎಂ. ರಸ್ತೆ ಪಕ್ಕದ ಒಂದು ಮಹಡಿ ಕೋಣೆಯಲ್ಲಿ ಕೂತಿರುತ್ತೇನೆ. ಸಣ್ಣ ಕ್ಲಿನಿಕ್‌ಗಳಿಗೆ ರೋಗಿಗಳ ದಾಖಲೆ ಇಡುವ ಸಾಫ್ಟ್‌ವೇರ್ ಬರೆಯುವುದು ನಮ್ಮ ಕೆಲಸ. ಅವನು ಮನೆಯಿಂದಲೇ ಕೆಲಸ ಮಾಡುತ್ತಾನೆ. ನಡುವೆ ನಲವತ್ತು ಚಿಲ್ಲರೆ ಕಿಲೋಮೀಟರು, ಒಂದು ಫೋನು.

“ಓಡ್ತಾ ಇಲ್ಲ” ಅನ್ನುವುದು ಡಾಕ್ಟರ ಮುಂದೆ ಕೂತು “ಮೈಗೆ ಹುಷಾರಿಲ್ಲ” ಅಂದ ಹಾಗೆ. ಸುಳ್ಳೇನಲ್ಲ. ಆದರೆ ಅಷ್ಟರಿಂದ ಮಾತ್ರೆ ಬರೆಯೋಕಾಗಲ್ಲ. ಆಮೇಲೆ ನಾನು ಕೇಳುವ ಪ್ರಶ್ನೆ ಒಂದೇ: “ಇಲ್ಲ ಅಂದಿದ್ದು ಯಾರು?”

ಈ ಬರಹ ಹುಟ್ಟಿದ್ದು ಆ ಫೋನ್ ಕರೆಗಳಿಂದ. ಹಾಗಾಗಿ ಕಮಾಂಡ್‌ಗಳನ್ನೂ ಎರರ್‌ಗಳನ್ನೂ ಬಾಯಲ್ಲಿ ಓದಿ ಹೇಳುವ ಹಾಗೇ ಬರೆದಿದ್ದೇನೆ. ಟೈಪ್ ಮಾಡುವಾಗ ಎಂದಿನಂತೆ ಇಂಗ್ಲಿಷಿನಲ್ಲಿ ಮಾಡಿಕೊಳ್ಳಿ.

## ಏನು ಓಡಿಸುತ್ತಿದ್ದೇವೆ

ಆರೋಗ್ಯದ ದಾಖಲೆಗಳು ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಇಬ್ಬರಿಗೂ ಒಂದೇ ಅಚ್ಚು ಬೇಕು. ಎಚ್‌ಎಲ್7 ಸಂಸ್ಥೆ ಮಾಡಿದ ಆ ಅಚ್ಚಿನ ಹೆಸರು ಎಫ್‌ಎಚ್‌ಐಆರ್. ಬಾಯಲ್ಲಿ ‘ಫೈರ್’. ರೋಗಿ, ಭೇಟಿ, ಬಿಪಿ ಅಳತೆ, ಔಷಧಿ ಚೀಟಿ ಎಲ್ಲಕ್ಕೂ ಒಂದೊಂದು ಅಚ್ಚು ಇದೆ. ಅದನ್ನು ರಿಸೋರ್ಸ್ ಅನ್ನುತ್ತಾರೆ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್ 27ರಂದು ದೇಶಕ್ಕೆಲ್ಲ ಶುರುವಾಯಿತಲ್ಲ, ಅದರಲ್ಲೂ ದಾಖಲೆ ಹಂಚಿಕೊಳ್ಳುವುದು ಫೈರ್‌ನ ಆರ್4 ಆವೃತ್ತಿಯ ಅಚ್ಚಿನಲ್ಲೇ. ಹಾಗಾಗಿ ನಮಗೂ ಆರ್4.

ಲ್ಯಾಪ್‌ಟಾಪಿನಲ್ಲಿ ಓಡಿಸುವುದು ಹ್ಯಾಪಿ ಫೈರ್ ಅನ್ನುವ ಓಪನ್ ಸೋರ್ಸ್ ಜಾವಾ ಸರ್ವರ್. ಡಾಕರ್ ಇಮೇಜ್ ಆಗಿ, ಅಂದರೆ ಬೇಕಾದ್ದೆಲ್ಲ ತುಂಬಿ ಕಟ್ಟಿಟ್ಟ ಪೊಟ್ಟಣವಾಗಿ ಸಿಗುತ್ತದೆ. ಅದನ್ನು ಓಡಿಸಿದಾಗ ಎದ್ದು ಕೂರುವುದೇ ಕಂಟೇನರ್. ನಾವೇನೂ ಬದಲಿಸದಿದ್ದರೆ 8080 ಪೋರ್ಟಿನಲ್ಲಿ (ಯಂತ್ರದ ನಂಬರು ಹಾಕಿದ ಬಾಗಿಲು) ಕೂರುತ್ತದೆ. ವಿಳಾಸದ ಕೊನೆಗೆ ‘ಸ್ಲ್ಯಾಶ್ ಫೈರ್’ ಇರಬೇಕು, ಅಲ್ಲೂ ಎಫ್‌ಎಚ್‌ಐಆರ್ ಅಂತಲೇ ಟೈಪ್ ಮಾಡಬೇಕು. ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ಮುಂದೆ 3000 ಪೋರ್ಟಿನಲ್ಲಿ ನಮ್ಮ ಬ್ರೌಸರ್ ಪರದೆ. ಇಷ್ಟೇ ಜೋಡಣೆ. ಆದರೂ ತೊಂದರೆ ಕೊಡೋಕೆ ಇಷ್ಟು ಸಾಕು.

## ಕಿಟಕಿ ಲೆಕ್ಕ

ದೊಡ್ಡಾಸ್ಪತ್ರೆಗೆ ಹೋದವರಿಗೆಲ್ಲ ಗೊತ್ತು. ಮೊದಲು ಚೀಟಿ ಕಿಟಕಿ, ಆಮೇಲೆ ಒಪಿಡಿ, ಆಮೇಲೆ ಲ್ಯಾಬು. ಎಲ್ಲಿ ನಿಮ್ಮನ್ನು ವಾಪಸ್ ಕಳಿಸಿದರು ಅಂತ ತಿಳಿದರೆ ಅರ್ಧ ಕೆಲಸ ಮುಗಿಯಿತು. ಹುಡುಗನಿಗೆ ನಾನು ಹೇಳಿಕೊಟ್ಟ ಲೆಕ್ಕವೂ ಇದೇ.

‘ಕನೆಕ್ಷನ್ ರೆಫ್ಯೂಸ್ಡ್’ ಬಂದರೆ ಕಿಟಕಿಯೇ ಮುಚ್ಚಿದೆ. ಆ ಪೋರ್ಟಿನಲ್ಲಿ ಯಾರೂ ಕೂತಿಲ್ಲ. ನಿಮ್ಮ ಜೇಸನ್ (ದಾಖಲೆಯನ್ನು ಬರೆದು ಕಳಿಸುವ ರೂಪ) ತಿದ್ದಿ ಏನೂ ಉಪಯೋಗವಿಲ್ಲ, ಅದನ್ನು ಯಾರೂ ನೋಡೇ ಇಲ್ಲ. ಸುತ್ತುತ್ತಾ ಕೂತಿದ್ದರೆ ಕಿಟಕಿ ತೆಗೆದಿದೆ, ಒಳಗಿನವರು ಇನ್ನೂ ತಯಾರಾಗಿಲ್ಲ. 404 ಬಂದರೆ ಜನ ಇದ್ದಾರೆ, ಆದರೆ ನೀವು ಕೇಳಿದ್ದು ಅಲ್ಲಿ ಇಲ್ಲ. ಹತ್ತಕ್ಕೆ ಎಂಟು ಸಲ ‘ಸ್ಲ್ಯಾಶ್ ಫೈರ್’ ಬಿಟ್ಟುಹೋಗಿರುತ್ತದೆ. ಇನ್ನೊಂದು ಸಲ ‘ಪೇಷೆಂಟ್’ ಅನ್ನುವುದರ ಮೊದಲ ಅಕ್ಷರ ಚಿಕ್ಕದಾಗಿರುತ್ತದೆ. ರಿಸೋರ್ಸ್ ಹೆಸರಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ.

400 ಅಥವಾ 422 ಬಂದರೆ ಖುಷಿಪಡಿ. ನಿಮ್ಮ ಚೀಟಿ ತಗೊಂಡು, ಓದಿ, ಕಾರಣ ಬರೆದು ವಾಪಸ್ ಕೊಟ್ಟಿದ್ದಾರೆ. ಆ ಕಾರಣ ಇರುವುದು ಉತ್ತರದ ಒಳಗೆ, ‘ಆಪರೇಷನ್ ಔಟ್‌ಕಮ್’ ಅನ್ನುವ ರಿಸೋರ್ಸಿನಲ್ಲಿ, ‘ಡಯಾಗ್ನಾಸ್ಟಿಕ್ಸ್’ ಅನ್ನುವ ಸಾಲಿನಲ್ಲಿ. ಹ್ಯಾಪಿ ಅಲ್ಲಿ ಒಂದು ನಂಬರನ್ನೂ ಕೊಡುತ್ತದೆ. ನಮ್ಮ ಹುಡುಗ ಮೊದಮೊದಲು 400 ಅಂತಷ್ಟೇ ಓದಿ ಫೋನ್ ಇಡುತ್ತಿದ್ದ. “ಕೆಳಗೆ ಏನು ಬರೆದಿದೆ ಓದೋ” ಅಂತ ಎಷ್ಟು ಸಲ ಬೈದಿದ್ದೇನೋ.

ಎಲ್ಲಕ್ಕೂ ಮೊದಲು ಒಂದು ಪರೀಕ್ಷೆ. ಬ್ರೌಸರ್ ಬಿಡಿ, ನಿಮ್ಮ ಕೋಡ್ ಬಿಡಿ. ಟರ್ಮಿನಲ್ಲಿನಲ್ಲಿ, ವಿಳಾಸ ಕೊಟ್ಟರೆ ಉತ್ತರ ತರುವ ಕರ್ಲ್ ಅನ್ನುವ ಕಮಾಂಡಿನಿಂದ ‘ಲೋಕಲ್‌ಹೋಸ್ಟ್, 8080, ಸ್ಲ್ಯಾಶ್ ಫೈರ್ ಸ್ಲ್ಯಾಶ್ ಮೆಟಾಡೇಟಾ’ ಕೇಳಿ. ಉದ್ದದ ಜೇಸನ್ ಬಂದರೆ ಸರ್ವರ್ ಎದ್ದು ಕೂತಿದೆ, ಗೊಂದಲ ನೀವು ಕಳಿಸುವುದರಲ್ಲಿ. ಬರದಿದ್ದರೆ ಸಮಸ್ಯೆ ಅದಕ್ಕಿಂತ ಕೆಳಗೆ. ಬಂದ ಜೇಸನ್‌ನಲ್ಲಿ ‘ಫೈರ್ ವರ್ಷನ್’ 4.0.1 ಅಂತ ಇದೆಯಾ ಅದನ್ನೂ ನೋಡಿಕೊಳ್ಳಿ. ಆರ್5 ಎದ್ದು ಕೂತಿದ್ದರೆ ನಿಮ್ಮ ಸರಿಯಾದ ಜೇಸನ್ನೂ ತಪ್ಪಾಗುತ್ತದೆ. ಉದಾಹರಣೆಗೆ ಭೇಟಿ ಮುಗಿದರೆ ಆರ್4ರಲ್ಲಿ ‘ಫಿನಿಶ್ಡ್’, ಆರ್5ರಲ್ಲಿ ‘ಕಂಪ್ಲೀಟೆಡ್’.

## ಕಿಟಕಿ ಮುಚ್ಚಿದ್ದರೆ

‘ಡಾಕರ್ ಪಿಎಸ್ ಮೈನಸ್ ಎ’ ಕೊಡಿ. ಮೈನಸ್ ಎ ಬಿಟ್ಟರೆ ಸತ್ತ ಕಂಟೇನರ್ ಕಾಣುವುದಿಲ್ಲ, ನಮಗೆ ಬೇಕಾಗಿರುವುದೇ ಅದು.

ಕಂಟೇನರ್ ಶುರುವೇ ಆಗದೆ ‘ಪೋರ್ಟ್ ಈಸ್ ಆಲ್‌ರೆಡಿ ಅಲೊಕೇಟೆಡ್’ ಅಥವಾ ‘ಅಡ್ರೆಸ್ ಆಲ್‌ರೆಡಿ ಇನ್ ಯೂಸ್’ ಅಂದರೆ 8080ರಲ್ಲಿ ಬೇರೆ ಯಾರೋ ಕೂತಿದ್ದಾರೆ. ಕಾಲೇಜಿನಲ್ಲಿ ಹಾಕಿಕೊಂಡ ಟಾಮ್‌ಕ್ಯಾಟ್ ಇರಬಹುದು, ಜೆಂಕಿನ್ಸ್ ಇರಬಹುದು, ನಿಮ್ಮದೇ ಹಳೆಯ ಕಂಟೇನರ್ ಇರಬಹುದು. ಹುಡುಕಿ ಎಬ್ಬಿಸಿ, ಇಲ್ಲಾ ನೀವು 8081ಕ್ಕೆ ಹೋಗಿ. ಹೋದರೆ ಹೊರಗಿನ ನಂಬರು ಮಾತ್ರ ಬದಲಿಸಿ, ಒಳಗಿನದು 8080 ಆಗಿಯೇ ಇರಲಿ.

‘ಎಕ್ಸಿಟೆಡ್ 137’ ಅಂತ ಇದ್ದರೆ ಬಹುಮಟ್ಟಿಗೆ ಮೆಮೊರಿ ಸಾಲದೆ ಸಿಸ್ಟಮ್ಮೇ ಕಂಟೇನರನ್ನು ಕೊಂದಿದೆ. 128ಕ್ಕೆ 9 ಸೇರಿದರೆ 137, ಆ 9 ಅಂದರೆ ಮಾತಿಲ್ಲದೆ ಕೊಲ್ಲುವ ಸಿಗ್ನಲ್. ವಿಂಡೋಸ್‌ನಲ್ಲಿ ಡಾಕರ್‌ಗೆ ಲಿನಕ್ಸ್ ಒದಗಿಸುವ ಡಬ್ಲ್ಯೂಎಸ್‌ಎಲ್ 2 ಸುಮ್ನೆ ಬಿಟ್ಟರೆ ಯಂತ್ರದ ಅರ್ಧ ಮೆಮೊರಿ ಮಾತ್ರ ತಗೊಳ್ಳುತ್ತದೆ. 8 ಜಿಬಿ ಲ್ಯಾಪ್‌ಟಾಪಿನಲ್ಲಿ 4 ಉಳಿಯಿತು. ಅದರಲ್ಲಿ ಹ್ಯಾಪಿ, ಪೋಸ್ಟ್‌ಗ್ರೆಸ್, ಇನ್ನೊಂದೆರಡು ಕಂಟೇನರ್. ಇದು ಹಬ್ಬದ ದಿನದ ಹಾಸನ–ಬೆಂಗಳೂರು ಬಸ್ಸಿನ ಸೀಟಿನ ಹಾಗೆ, ಯಾರನ್ನಾದರೂ ಇಳಿಸಲೇಬೇಕು. ಡಬ್ಲ್ಯೂಎಸ್‌ಎಲ್ ಕಾನ್ಫಿಗ್ ಫೈಲಿನಲ್ಲಿ ಮಿತಿ ಹೆಚ್ಚಿಸಬಹುದು.

ಆದರೆ ಲಾಗ್‌ನಲ್ಲಿ (ಸರ್ವರ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಸಾಲುಗಳು) ‘ಜಾವಾ ಹೀಪ್ ಸ್ಪೇಸ್’ ಅಂತ ಬಂದಿದ್ದರೆ ಕಥೆ ಬೇರೆ. ಅದು ಸಿಸ್ಟಮ್ ಕೊಂದಿದ್ದಲ್ಲ, ಜಾವಾ ತಾನೇ ಉಸಿರು ಕಟ್ಟಿದ್ದು. ನಾವೇನೂ ಹೇಳದಿದ್ದರೆ ಜಾವಾ ತನಗೆ ಕಂಡ ಮೆಮೊರಿಯಲ್ಲಿ ಕಾಲು ಭಾಗ ಮಾತ್ರ ಹೀಪ್‌ಗೆ, ಅಂದರೆ ತನ್ನ ಡೇಟಾ ಇಡುವ ಜಾಗಕ್ಕೆ, ಇಟ್ಟುಕೊಳ್ಳುತ್ತದೆ. ಕಂಟೇನರಿಗೆ 2 ಜಿಬಿ ಕೊಟ್ಟರೂ ಹೀಪ್ 512 ಎಂಬಿ. ‘ಜಾವಾ ಟೂಲ್ ಆಪ್ಷನ್ಸ್’ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಹೆಚ್ಚಿಸಿ. ಎರಡೂ ಮೆಮೊರಿ ತೊಂದರೆಯೇ, ಔಷಧಿ ಮಾತ್ರ ಬೇರೆ.

ಕಂಟೇನರ್ ಬದುಕಿದೆ, ಉತ್ತರ ಇಲ್ಲ ಅಂದರೆ ಕಾಯಿರಿ. ಮೊದಲ ಸಲ ಟೇಬಲ್‌ಗಳನ್ನೆಲ್ಲ ಕಟ್ಟಬೇಕು, ಒಂದೆರಡು ನಿಮಿಷ ಬೇಕೇ ಬೇಕು. ಲಾಗ್‌ನಲ್ಲಿ ‘ಸ್ಟಾರ್ಟೆಡ್ ಅಪ್ಲಿಕೇಶನ್’ ಅನ್ನುವ ಸಾಲು ಬರುವ ತನಕ ಏನನ್ನೂ ಮುಟ್ಟಬೇಡಿ. ಅವಸರಕ್ಕೆ ರೀಸ್ಟಾರ್ಟ್ ಮಾಡುವವರು ಬೇಯುವ ಮುದ್ದೆಯನ್ನು ಮತ್ತೆ ಮತ್ತೆ ಒಲೆಯಿಂದ ಇಳಿಸುವವರ ಹಾಗೆ.

ಇಲ್ಲೊಂದು ಉಪದ್ವ್ಯಾಪಿ ಬಲೆ ಇದೆ. ಯಾವ್ಯಾವ ಕಂಟೇನರ್ ಹೇಗೆ ಏಳಬೇಕು ಅಂತ ಬರೆಯುವ ಕಂಪೋಸ್ ಫೈಲಿನಲ್ಲಿ ಹೆಲ್ತ್‌ಚೆಕ್‌ಗೆ (ಸರ್ವರ್ ಹುಷಾರಾಗಿದೆಯಾ ಅಂತ ಆಗಾಗ ನೋಡುವ ಪರೀಕ್ಷೆ) ಕರ್ಲ್ ಹಾಕಿರುತ್ತೀರಿ. ಹ್ಯಾಪಿಯ ಮಾಮೂಲಿ ಇಮೇಜಿನಲ್ಲಿ ಕರ್ಲೂ ಇಲ್ಲ, ಕಮಾಂಡ್ ಓಡಿಸುವ ಶೆಲ್ಲೂ ಇಲ್ಲ. ಸರ್ವರ್ ಗುಂಡುಕಲ್ಲಿನ ಹಾಗಿದ್ದರೂ ಡಾಕರ್ ಅದನ್ನು ‘ಅನ್‌ಹೆಲ್ತಿ’ ಅನ್ನುತ್ತದೆ. ಇದಕ್ಕೆ ಕಾಯುವ ಬೇರೆ ಕಂಟೇನರ್‌ಗಳು ಏಳುವುದೇ ಇಲ್ಲ. ಒಳಗೆ ಹೋಗಿ ನೋಡೋಣ ಅಂದರೆ ಒಳಗೆ ಹೋಗುವ ಬಾಗಿಲೂ ಇಲ್ಲ. ಹೊರಗಿನಿಂದ ಮೆಟಾಡೇಟಾ ಕೇಳಿ ನೋಡಿ, ಅದನ್ನೇ ನಂಬಿ.

## ಕರೆಂಟ್ ಹೋಯಿತು, ರೋಗಿಗಳೂ ಹೋದರು

ಸಕಲೇಶಪುರದ ಕಡೆ ಮಳೆ ಜೋರಾದರೆ ನಮ್ಮಲ್ಲೂ ಕರೆಂಟ್ ಕಣ್ಣಾಮುಚ್ಚಾಲೆ ಶುರು ಮಾಡುತ್ತದೆ. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಹಳೆಯದು. ಒಂದು ಸಂಜೆ ಯಂತ್ರ ಆರಿತು. ಮತ್ತೆ ಹಚ್ಚಿದರೆ ಸರ್ವರ್ ಚೆನ್ನಾಗಿದೆ, ಒಬ್ಬ ರೋಗಿಯೂ ಇಲ್ಲ. ಮಧ್ಯಾಹ್ನವೆಲ್ಲ ಕೂತು ತುಂಬಿಸಿದ್ದು.

ಎರರ್ ಇಲ್ಲ, ಕಾರಣ ಸರಳ. ಹ್ಯಾಪಿ ಹುಟ್ಟಿನಿಂದ ಬರುವುದು ಎಚ್2 ಅನ್ನುವ ಡೇಟಾಬೇಸ್ ಜೊತೆ, ಅದು ಇರುವುದು ಮೆಮೊರಿಯಲ್ಲಿ. ಪ್ರೋಗ್ರಾಂ ನಿಂತರೆ ಸ್ಲೇಟು ಒರೆಸಿದ ಹಾಗೆ. ನಾನು ಪೋಸ್ಟ್‌ಗ್ರೆಸ್ ಕಂಟೇನರ್ ಎಬ್ಬಿಸಿದ್ದೆ, ಸರಿ. ಹ್ಯಾಪಿಗೆ ಅದರ ವಿಳಾಸ ಹೇಳಿದ್ದೆ ಅಂದುಕೊಂಡಿದ್ದೆ. ಸೆಟ್ಟಿಂಗ್ ಬರೆಯುವ ವೈಎಎಂಎಲ್ ಫೈಲಿನಲ್ಲಿ ಎರಡು ಸ್ಪೇಸ್ ತಪ್ಪಿ, ಆ ಸಾಲು ಬೇರೆಯದರ ಕೆಳಗೆ ಹೋಗಿತ್ತು. ವೈಎಎಂಎಲ್ ಫೈಲಿನಲ್ಲಿ ಸ್ಪೇಸ್ ಅಂದರೆ ವ್ಯಾಕರಣ. ಹ್ಯಾಪಿ ಗೊಣಗಲಿಲ್ಲ, ತನ್ನ ಸ್ಲೇಟು ತೆಗೆದುಕೊಂಡು ಕೂತಿತು. ಲಾಗ್‌ನ ಮೊದಲ ಸಾಲುಗಳಲ್ಲಿ ಎಚ್2 ಅಂತ ಕಾಣುತ್ತದಾ, ಪೋಸ್ಟ್‌ಗ್ರೆಸ್ ಅಂತ ಕಾಣುತ್ತದಾ, ಡೇಟಾ ತುಂಬಿಸುವ ಮೊದಲೇ ನೋಡಿ.

ಪೋಸ್ಟ್‌ಗ್ರೆಸ್‌ಗೆ ಬದಲಾಯಿಸುವಾಗ ವಿಳಾಸ, ಯೂಸರ್, ಪಾಸ್‌ವರ್ಡ್ ಜೊತೆಗೆ ಹೈಬರ್ನೇಟ್ ಡಯಲೆಕ್ಟನ್ನೂ (ಡೇಟಾಬೇಸಿನ ಜೊತೆ ಯಾವ ನುಡಿಯಲ್ಲಿ ಮಾತಾಡಬೇಕು ಅನ್ನುವ ಸೆಟ್ಟಿಂಗ್) ಹ್ಯಾಪಿಯದೇ ಪೋಸ್ಟ್‌ಗ್ರೆಸ್ ಡಯಲೆಕ್ಟಿಗೆ ಬದಲಿಸಬೇಕು. ಮತ್ತೆ ವಿಳಾಸದಲ್ಲಿ ‘ಲೋಕಲ್‌ಹೋಸ್ಟ್’ ಬರೆಯಬೇಡಿ. ಕಂಟೇನರಿನ ಒಳಗೆ ಲೋಕಲ್‌ಹೋಸ್ಟ್ ಅಂದರೆ ಅದೇ ಕಂಟೇನರು, ನಿಮ್ಮ ಲ್ಯಾಪ್‌ಟಾಪ್ ಅಲ್ಲ. ಕಂಪೋಸ್ ಫೈಲಿನಲ್ಲಿ ಡೇಟಾಬೇಸಿಗೆ ಕೊಟ್ಟ ಸರ್ವಿಸ್ ಹೆಸರನ್ನೇ ಬರೆಯಿರಿ. ಫೋನಿನಲ್ಲಿ ಆ್ಯಪ್ ಪರೀಕ್ಷೆ ಮಾಡುವಾಗಲೂ ಇದೇ ಪಾಠ. ಫೋನಿನ ಲೋಕಲ್‌ಹೋಸ್ಟ್ ಅಂದರೆ ಫೋನು. ಆಂಡ್ರಾಯ್ಡ್ ಎಮ್ಯುಲೇಟರ್ ಆದರೆ 10.0.2.2 ಹಾಕಿ.

ಪಾಸ್‌ವರ್ಡಿನದು ಇನ್ನೊಂದು ತಮಾಷೆ. ‘ಪಾಸ್‌ವರ್ಡ್ ಅಥೆಂಟಿಕೇಶನ್ ಫೇಲ್ಡ್’ ಅಂತ ಬರುತ್ತದೆ. ಕಂಪೋಸ್ ಫೈಲಿನಲ್ಲಿ ಎರಡು ಕಡೆಯೂ ಒಂದೇ ಪಾಸ್‌ವರ್ಡ್ ಇದೆ. ಹುಡುಗ ಅಕ್ಷರ ಅಕ್ಷರ ಓದಿ ಹೇಳಿದ, ನಾನೂ ನೋಡಿದೆ, ಸರಿಯಾಗೇ ಇದೆ. ವಿಷಯ ಏನಪ್ಪಾ ಅಂದರೆ ಪೋಸ್ಟ್‌ಗ್ರೆಸ್ ಇಮೇಜ್ ಆ ಪಾಸ್‌ವರ್ಡನ್ನು ಓದುವುದು ಒಂದೇ ಒಂದು ಸಲ, ಡೇಟಾ ಡೈರೆಕ್ಟರಿ ಖಾಲಿ ಇದ್ದಾಗ. ಆಮೇಲೆ ನೀವು ಫೈಲಿನಲ್ಲಿ ಏನು ತಿದ್ದಿದರೂ ಹಳೆಯ ವಾಲ್ಯೂಮ್‌ನಲ್ಲಿ (ಡಾಕರ್ ಡೇಟಾ ಉಳಿಸಿಡುವ ಜಾಗ) ಹಳೆಯ ಪಾಸ್‌ವರ್ಡೇ ಇರುತ್ತದೆ. ಅವನು ಹಿಂದಿನ ವಾರ ಬದಲಿಸಿ ಮರೆತಿದ್ದ. ‘ಕಂಪೋಸ್ ಡೌನ್ ಮೈನಸ್ ವಿ’ ಕೊಟ್ಟರೆ ವಾಲ್ಯೂಮ್ ಹೋಗಿ ಸರಿಹೋಗುತ್ತದೆ. ಡೇಟಾವೂ ಹೋಗುತ್ತದೆ, ಅದು ನೆನಪಿರಲಿ. ಡೇಟಾ ಬೇಕಿದ್ದರೆ ಒಳಗೆ ಹೋಗಿ ‘ಆಲ್ಟರ್ ಯೂಸರ್’ ಮಾಡಿ.

## ಮ್ಯಾಸಚೂಸೆಟ್ಸ್‌ನ ರೋಗಿಗಳು

ಪರೀಕ್ಷೆಗೆ ಕ್ಲಿನಿಕ್‌ನ ನಿಜವಾದ ದಾಖಲೆ ತರಬೇಡಿ. ಒಬ್ಬರ ಕಾಯಿಲೆ ಇನ್ನೊಬ್ಬರ ಲ್ಯಾಪ್‌ಟಾಪಿನಲ್ಲಿ ಇರಬಾರದು, ಅಷ್ಟೇ. ಅದಕ್ಕೆ ಅಮೆರಿಕದ ಮೈಟರ್ ಸಂಸ್ಥೆ ಕೊಟ್ಟ ಸಿಂಥಿಯಾ ಇದೆ. ಇಲ್ಲದ ರೋಗಿಗಳನ್ನು ಹುಟ್ಟಿಸಿ, ಅವರಿಗೆ ಕಾಯಿಲೆ ಬರಿಸಿ, ಫೈರ್ ಅಚ್ಚಿನಲ್ಲಿ ಕೊಡುತ್ತದೆ. ಏನೂ ಹೇಳದಿದ್ದರೆ ಎಲ್ಲರೂ ಮ್ಯಾಸಚೂಸೆಟ್ಸ್‌ನವರು. ಹಾಸನದಲ್ಲಿ ಕೂತು ಬಾಸ್ಟನ್‌ನವರ ಬಿಪಿ ನೋಡುತ್ತಿರುತ್ತೇವೆ.

ಒಂದು ಸಲ ಹುಡುಗ ಒಂದು ಲೂಪ್ ಬರೆದು ಫೋಲ್ಡರಿನ ಫೈಲುಗಳನ್ನೆಲ್ಲ ಸಾಲಾಗಿ ಕಳಿಸಿದ. ಒಬ್ಬ ರೋಗಿಯೂ ಒಳಗೆ ಹೋಗಲಿಲ್ಲ. ಡಯಾಗ್ನಾಸ್ಟಿಕ್ಸ್‌ನಲ್ಲಿ ‘ಇನ್‌ವ್ಯಾಲಿಡ್ ಮ್ಯಾಚ್ ಯುಆರ್‌ಎಲ್, ಪ್ರಾಕ್ಟೀಷನರ್...’ ಅಂತ ಏನೋ ಇತ್ತು. ವಿಚಿತ್ರ ಅಂದರೆ ಕೊನೆಯ ಎರಡು ಫೈಲು ಸರಿಯಾಗಿ ಹೋಗಿದ್ದವು. ನಾನು ಕೇಳಿದೆ, “ಆ ಎರಡರ ಹೆಸರೇನು?” “ಒಂದು ಹಾಸ್ಪಿಟಲ್ ಇನ್ಫರ್ಮೇಶನ್, ಇನ್ನೊಂದು ಪ್ರಾಕ್ಟೀಷನರ್ ಇನ್ಫರ್ಮೇಶನ್ ಅಕ್ಕಾ.”

ಅಲ್ಲೇ ಇತ್ತು ನೋಡಿ. ರೋಗಿಯ ಬಂಡಲ್, ಅಂದರೆ ದಾಖಲೆಗಳ ಕಟ್ಟು, ಅದರ ಒಳಗೆ ಡಾಕ್ಟರ ದಾಖಲೆ ಇಲ್ಲ. “ಇಂಥ ನಂಬರಿನ ಡಾಕ್ಟರನ್ನು ಹುಡುಕಿ ಜೋಡಿಸು” ಅಂತ ಮಾತ್ರ ಬರೆದಿರುತ್ತದೆ. ಡಾಕ್ಟರೇ ಇನ್ನೂ ಬಂದಿಲ್ಲ, ರೋಗಿಗೆ ಯಾರನ್ನು ಜೋಡಿಸುವುದು? ಬಂಡಲ್ ಟ್ರಾನ್ಸಾಕ್ಷನ್ ಆಗಿರುವುದರಿಂದ ಒಂದು ಕೊಂಡಿ ತಪ್ಪಿದರೂ ಇಡೀ ಕಟ್ಟು ವಾಪಸ್. ಶೆಲ್ ಫೈಲುಗಳನ್ನು ಅಕ್ಷರದ ಸಾಲಿನಲ್ಲಿ ಕಳಿಸುತ್ತದೆ. ಅವನ ಯಂತ್ರದಲ್ಲಿ ದೊಡ್ಡಕ್ಷರದ ರೋಗಿಗಳ ಹೆಸರು ಮೊದಲು ಬಂದವು, ಚಿಕ್ಕಕ್ಷರದಲ್ಲಿ ಶುರುವಾಗುವ ಆ ಎರಡು ಫೈಲು ಕೊನೆಗೆ. ಆಸ್ಪತ್ರೆ ಮೊದಲು, ಡಾಕ್ಟರು ಆಮೇಲೆ, ರೋಗಿಗಳು ಕೊನೆಗೆ ಕಳಿಸಿದರೆ ಎಲ್ಲ ಒಳಗೆ ಹೋಗುತ್ತವೆ. ಇಷ್ಟಕ್ಕೆ ಅವನು ಸರ್ವರನ್ನು ಮೂರು ಸಲ ಅಳಿಸಿ ಹಾಕಿದ್ದ.

ಸಿಂಥಿಯಾ ಬಿಟ್ಟು ನೀವೇ ಬರೆದ ದಾಖಲೆಗೂ ಇದೇ. ಬಿಪಿ ಅಳತೆ ಕಳಿಸಿದಿರಿ, ಅದು ತೋರಿಸುವ ರೋಗಿ ಸರ್ವರ್‌ನಲ್ಲಿ ಇಲ್ಲ ಅಂದರೆ ಹ್ಯಾಪಿ ತಗೊಳ್ಳುವುದಿಲ್ಲ. ಆ ಪರಿಶೀಲನೆಯನ್ನು ನಿಲ್ಲಿಸುವ ಸ್ವಿಚ್ ಇದೆ. ದಯವಿಟ್ಟು ನಿಲ್ಲಿಸಬೇಡಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಮುಚ್ಚಿಕೊಂಡ ತಪ್ಪು ಮುಂದೆ ಬೇರೆಯವರ ಸರ್ವರ್ ಮುಂದೆ ಬಿಚ್ಚಿಕೊಳ್ಳುತ್ತದೆ.

## ಐಡಿ ಬೇರೆ, ಒಪಿ ನಂಬರ್ ಬೇರೆ

ಕ್ಲಿನಿಕ್‌ನ ಸಾಫ್ಟ್‌ವೇರ್ ಮಾಡುವವರೆಲ್ಲ ಒಮ್ಮೆಯಾದರೂ ಮಾಡುವ ತಪ್ಪು ಇದು. ಒಪಿ ನಂಬರ್ 1042 ಇದೆ, ಅದನ್ನೇ ರಿಸೋರ್ಸಿನ ಐಡಿ ಮಾಡಿ ಪುಟ್ ಮಾಡೋಣ, ಅಂದರೆ ಐಡಿ ನಾವೇ ಕೊಟ್ಟು ಕಳಿಸೋಣ ಅನಿಸುತ್ತದೆ. ಹ್ಯಾಪಿ ಒಪ್ಪುವುದಿಲ್ಲ. ಬರಿ ಅಂಕಿಯ ಐಡಿಗಳನ್ನು ಅದು ತನಗೇ ಇಟ್ಟುಕೊಂಡಿದೆ. ನೀವು ಕೊಡುವ ಐಡಿಯಲ್ಲಿ ಅಂಕಿಯಲ್ಲದ ಒಂದು ಅಕ್ಷರವಾದರೂ ಇರಬೇಕು. ಸರಿ, ‘ಒಪಿ ಅಂಡರ್‌ಸ್ಕೋರ್ 1042’ ಮಾಡೋಣ ಅಂದರೆ ಫೈರ್ ಒಪ್ಪುವುದಿಲ್ಲ. ಇಂಗ್ಲಿಷ್ ಅಕ್ಷರ, ಅಂಕಿ, ಹೈಫನ್, ಚುಕ್ಕಿ ಅಷ್ಟೇ, ಅದೂ 64ರ ಒಳಗೆ. ಸ್ಲ್ಯಾಶ್ ಇರುವ ಒಪಿ ನಂಬರಂತೂ ಸಾಧ್ಯವೇ ಇಲ್ಲ.

ನಿಜವಾದ ಪರಿಹಾರ ಬೇರೆ. ಐಡಿಯನ್ನು ಸರ್ವರ್‌ಗೇ ಬಿಡಿ. ಒಪಿ ನಂಬರ್, ಆಭಾ ನಂಬರ್ (ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಕೊಡುವ ಆರೋಗ್ಯ ಖಾತೆಯ ನಂಬರು) ಇವೆಲ್ಲ ‘ಐಡೆಂಟಿಫೈಯರ್’ ಅನ್ನುವ ಜಾಗಕ್ಕೆ ಸೇರಿದವು. ಅಲ್ಲಿ ಎಷ್ಟು ಬೇಕಾದರೂ ಇಡಬಹುದು, ಸ್ಲ್ಯಾಶೂ ಇರಬಹುದು.

ಹಾಗೆ ಮಾಡಿದ ಮೇಲೂ ಹುಡುಕಿದರೆ ಸಿಗಲಿಲ್ಲ ಅಂದರೆ ಎರಡು ಕಡೆ ನೋಡಿ. ಆಭಾ ನಂಬರ್ 14 ಅಂಕಿ. ಕಾರ್ಡಿನಲ್ಲಿ ನಡುವೆ ಹೈಫನ್ ಹಾಕಿ ಬರೆದಿರುತ್ತಾರೆ. ನೀವು ಹೈಫನ್ ಸೇರಿಸಿ ಇಟ್ಟು, ಬಿಟ್ಟು ಹುಡುಕಿದರೆ ಸಿಗಲ್ಲ. ಇಲ್ಲಿ ಹುಡುಕಾಟ ಅಕ್ಷರಕ್ಕೆ ಅಕ್ಷರ. ಎರಡನೆಯದು, ಕರ್ಲ್‌ನಲ್ಲಿ ವಿಳಾಸದ ಸುತ್ತ ಕೋಟ್ ಹಾಕಿದ್ದೀರಾ? ಐಡೆಂಟಿಫೈಯರ್ ಹುಡುಕುವಾಗ ನಡುವೆ ನಿಲುಗೆರೆ ಬರುತ್ತದೆ. ಕೋಟ್ ಇಲ್ಲದಿದ್ದರೆ ಶೆಲ್ ಅದನ್ನು ಪೈಪ್ ಅಂತ ತಿಳಿದು ಅರ್ಧ ವಿಳಾಸವನ್ನು ಬೇರೆ ಕಮಾಂಡ್ ಮಾಡಿಬಿಡುತ್ತದೆ. ‘ಆ್ಯಂಡ್’ ಚಿಹ್ನೆಯಾದರೆ ಮುಂದಿನದನ್ನೆಲ್ಲ ಕತ್ತರಿಸುತ್ತದೆ. ‘ಇಲ್ಲ’ ಅಂದಿದ್ದು ಸರ್ವರ್ ಅಲ್ಲ, ನಿಮ್ಮ ಟರ್ಮಿನಲ್ಲೇ.

ಬ್ರೌಸರ್ ಕೂಡ ಹೀಗೇ. ಕರ್ಲ್‌ನಲ್ಲಿ ಬರುತ್ತದೆ, ಪರದೆಯಲ್ಲಿ ಬರಲ್ಲ, ಕನ್ಸೋಲಿನಲ್ಲಿ ‘ಕಾರ್ಸ್’ ಅಂತ ಕೆಂಪಾಗಿದೆ. ಅಂದರೆ ತಡೆದಿದ್ದು ಗೇಟಿನ ಸೆಕ್ಯುರಿಟಿ, ಬೇರೆ ವಿಳಾಸದ ಉತ್ತರವನ್ನು ಅನುಮತಿ ಇಲ್ಲದೆ ಪರದೆಗೆ ಬಿಡದ ಬ್ರೌಸರ್. ಹ್ಯಾಪಿಯ ಕಾರ್ಸ್ ಪಟ್ಟಿಯಲ್ಲಿ ನಿಮ್ಮ ಪರದೆಯ ವಿಳಾಸ ಪೋರ್ಟ್ ಸಮೇತ ಇರಬೇಕು. ಲೋಕಲ್‌ಹೋಸ್ಟ್ ಬರೆದು 127.0.0.1ರಿಂದ ಬಂದರೆ ಬ್ರೌಸರಿಗೆ ಅವು ಎರಡು ಬೇರೆ ಬೇರೆ ಮನೆ.

## ಈಗಷ್ಟೇ ಹಾಕಿದ ರೋಗಿ ಎಲ್ಲಿ?

ಹುಡುಕಿದಿರಿ, ಸೊನ್ನೆ. ರೋಗಿಯನ್ನು ಸೇರಿಸಿದಿರಿ, 201 (‘ಸೇರಿಸಿಕೊಂಡೆ’ ಅನ್ನುವ ಉತ್ತರ) ಬಂತು. ಮತ್ತೆ ಹುಡುಕಿದಿರಿ, ಈಗಲೂ ಸೊನ್ನೆ. ಕಾಫಿ ಕುಡಿದು ಬಂದು ಹುಡುಕಿದರೆ ಇದ್ದಾರೆ. ನಮ್ಮ ಕಡೆ ಕಾಫಿಗೆ ಎಲ್ಲ ಗುಣವೂ ಇದೆ, ಆದರೆ ಇದು ಅದರ ಮಹಿಮೆ ಅಲ್ಲ. ಒಂದೇ ಹುಡುಕಾಟವನ್ನು 60 ಸೆಕೆಂಡಿನ ಒಳಗೆ ಮತ್ತೆ ಕೇಳಿದರೆ ಹ್ಯಾಪಿ ಹಳೆಯ ಉತ್ತರವನ್ನೇ ಕೊಡುತ್ತದೆ. ‘ಕ್ಯಾಶ್ ಕಂಟ್ರೋಲ್, ನೋ ಕ್ಯಾಶ್’ ಅನ್ನುವ ಹೆಡರ್ ಸೇರಿಸಿ ಕೇಳಿ, ತಕ್ಷಣ ಸಿಗುತ್ತಾರೆ.

ನೂರು ಜನ ಹಾಕಿದರೆ ಇಪ್ಪತ್ತೇ ಕಾಣುತ್ತಿದ್ದಾರೆ ಅಂದರೆ ಅದು ಪುಟದ ಲೆಕ್ಕ. ಉತ್ತರದ ಬಂಡಲ್‌ನಲ್ಲಿ ‘ನೆಕ್ಸ್ಟ್’ ಕೊಂಡಿ ಇರುತ್ತದೆ, ಹಿಂಬಾಲಿಸಿ.

## ಕನ್ನಡದ ಹೆಸರು ಪ್ರಶ್ನಾರ್ಥಕ ಚಿಹ್ನೆಯಾದರೆ

ಸರ್ವರ್‌ಗೆ ಕನ್ನಡ ಬರುತ್ತದೆ, ಅದರ ಮೇಲೆ ಅನುಮಾನ ಬೇಡ. ಕೆಡಿಸುವುದು ದಾರಿಯಲ್ಲಿ. ಕ್ಲಿನಿಕ್‌ನ ಪಟ್ಟಿ ಎಕ್ಸೆಲ್‌ನಲ್ಲಿ ಇರುತ್ತದೆ. ಸಾದಾ ಸಿಎಸ್‌ವಿ ಅಂತ ಸೇವ್ ಮಾಡಿದರೆ ‘ರಂಗಮ್ಮ’ ಹೋಗಿ ಬರಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಉಳಿಯುತ್ತದೆ. ಹಾಗೆ ಸೇವ್ ಆದ ಫೈಲಿನಿಂದ ಹೆಸರು ವಾಪಸ್ ಬರುವುದಿಲ್ಲ, ಮೂಲ ಫೈಲಿಗೇ ಹೋಗಬೇಕು. ‘ಸಿಎಸ್‌ವಿ ಯುಟಿಎಫ್-8’ ಅನ್ನುವುದನ್ನು ಆರಿಸಿ.

ಆರಿಸಿದ ಮೇಲೆ ಇನ್ನೊಂದು ಬರುತ್ತದೆ. ಎಕ್ಸೆಲ್ ಫೈಲಿನ ತಲೆಗೆ ಬಿಒಎಂ ಅನ್ನುವ ಕಾಣದ ಗುರುತು ಅಂಟಿಸುತ್ತದೆ. ಅದು ಮೊದಲ ಕಾಲಂನ ಹೆಸರಿಗೆ ಅಂಟಿಕೊಂಡು, ಪೈಥಾನ್ “ಆ ಹೆಸರಿನ ಕಾಲಂ ಇಲ್ಲ” ಅನ್ನುತ್ತದೆ. ಕಣ್ಣಿಗೆ ಕಾಲಂ ಇದ್ದೇ ಇದೆ. ಫೈಲ್ ತೆರೆಯುವಾಗ ಎನ್‌ಕೋಡಿಂಗ್ ‘ಯುಟಿಎಫ್-8-ಸಿಗ್’ ಕೊಡಿ, ಹೋಗುತ್ತದೆ.

ಇನ್ನು ಹಳೆಯ ಪಟ್ಟಿಗಳು. ಹತ್ತು ಹದಿನೈದು ವರ್ಷದ ಹಿಂದೆ ‘ನುಡಿ’ ಅಥವಾ ‘ಬರಹ’ ಸಾಫ್ಟ್‌ವೇರ್‌ನ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು. ಫಾಂಟ್ ಇದ್ದರೆ ಚಂದದ ಕನ್ನಡ. ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅದು ಕೆಟ್ಟ ಫೈಲಲ್ಲ, ಎನ್‌ಕೋಡಿಂಗ್ ಸೆಟ್ಟಿಂಗ್ ತಿರುಗಿಸಿ ಸರಿಯಾಗುವುದೂ ಅಲ್ಲ. ಒಳಗೆ ಇರುವುದೇ ಲ್ಯಾಟಿನ್ ಅಕ್ಷರ, ಕನ್ನಡ ಬರಿ ವೇಷ. ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ನಿಂದ ಒಮ್ಮೆ ಹಾಯಿಸಿ, ಒತ್ತಕ್ಷರಗಳನ್ನು ಕಣ್ಣಾರೆ ನೋಡಿ, ಆಮೇಲೆ ಸರ್ವರ್‌ಗೆ ಕಳಿಸಿ.

ಹೆಸರು ಸರಿಯಾಗಿ ಸೇರಿದರೂ ಹುಡುಕಿದರೆ ಸಿಗದೆ ಇರಬಹುದು. ನಮ್ಮಲ್ಲಿ ಇನಿಷಿಯಲ್ ಮುಂದೆ ಬರುತ್ತದೆ. ‘ಎಚ್.ಕೆ. ರಂಗಮ್ಮ’ ಅಂತ ಪೂರ್ತಿ ಒಂದೇ ಜಾಗದಲ್ಲಿ ಇಟ್ಟು ‘ರಂಗಮ್ಮ’ ಅಂತ ಹುಡುಕಿದರೆ, ಫೈರ್‌ನ ಮಾಮೂಲಿ ಹುಡುಕಾಟ ಶುರುವಿನ ಅಕ್ಷರದಿಂದ ಹೊಂದಿಸುತ್ತದೆ. ಶುರುವಿನಲ್ಲಿ ಇರುವುದು ಎಚ್. ಇನಿಷಿಯಲ್ ಬೇರೆ, ಹೆಸರು ಬೇರೆ ಇಡಿ. ನಾವು ಹೆಸರನ್ನು ‘ಗಿವನ್’ನಲ್ಲಿ, ಪೂರ್ತಿ ರೂಪವನ್ನು ‘ಟೆಕ್ಸ್ಟ್’ನಲ್ಲಿ ಇಡುತ್ತೇವೆ. ‘ಫ್ಯಾಮಿಲಿ’ ಖಾಲಿ ಬಿಟ್ಟರೂ ಯಾರೂ ಕೇಳಲ್ಲ.

## ಒಂದು ದಿನ ಮೊದಲೇ ಹುಟ್ಟಿದವರು

ಇಲ್ಲಿಯ ತನಕ ಬಂದ ದೋಷಗಳಲ್ಲಿ ಯಾರಾದರೂ ಎಲ್ಲಾದರೂ ‘ಇಲ್ಲ’ ಅಂದಿದ್ದರು, ಇಲ್ಲಾ ಏನೋ ಕಾಣೆಯಾಗಿತ್ತು. ಇದರಲ್ಲಿ ಎಲ್ಲ ಕಿಟಕಿಯೂ ಹೌದು ಅಂದಿದ್ದವು.

ನಮ್ಮ ಪರದೆಯಲ್ಲಿ ಹುಟ್ಟಿದ ದಿನ ತುಂಬುವ ಜಾಗ ಇದೆ. 12 ಜೂನ್ 1990 ಆರಿಸಿದೆ, ಸೇವ್ ಮಾಡಿದೆ, 201. ಸ್ವಲ್ಪ ಹೊತ್ತಿನ ಮೇಲೆ ಸುಮ್ನೆ ನೋಡಿದರೆ 11 ಜೂನ್. ನಾನೇ ತಪ್ಪು ಒತ್ತಿರಬೇಕು ಅಂತ ಬಿಟ್ಟೆ. ಎರಡು ದಿನದ ಮೇಲೆ ಹುಡುಗ, “ಅಕ್ಕಾ, ನನ್ನ ಬರ್ತ್‌ಡೇ ಒಂದು ದಿನ ಹಿಂದೆ ಹೋಗಿದೆ” ಅಂದಾಗ ಮೈ ಜುಮ್ ಅಂತು.

ಸರ್ವರ್‌ನ ಮೇಲೆ ಅನುಮಾನ ಬಂತು. ಕರ್ಲ್‌ನಿಂದ ನೇರವಾಗಿ 12 ಅಂತ ಕಳಿಸಿದೆ, 12 ಅಂತಲೇ ವಾಪಸ್ ಬಂತು. ಅಂದರೆ ಸರ್ವರ್ ನಿರಪರಾಧಿ. ಬ್ರೌಸರಿನ ನೆಟ್‌ವರ್ಕ್ ಟ್ಯಾಬಿನಲ್ಲಿ ಹೊರಗೆ ಹೋಗುವ ಜೇಸನ್ ನೋಡಿದೆ. ಅಲ್ಲೇ 11 ಆಗಿತ್ತು.

ತಪ್ಪು ಒಂದು ಸಾಲಿನದು. ಜಾವಾಸ್ಕ್ರಿಪ್ಟ್‌ನಲ್ಲಿ ದಿನಾಂಕವನ್ನು ‘ಟು ಐಎಸ್‌ಒ ಸ್ಟ್ರಿಂಗ್’ ಮಾಡಿ ಮೊದಲ ಹತ್ತು ಅಕ್ಷರ ಕತ್ತರಿಸಿದ್ದೆವು. ದಿನ ಆರಿಸಿದಾಗ ಜಾವಾಸ್ಕ್ರಿಪ್ಟ್ ಅದನ್ನು ನಮ್ಮ ಸಮಯದ ಮಧ್ಯರಾತ್ರಿ ಅಂತ ಹಿಡಿಯುತ್ತದೆ. ‘ಟು ಐಎಸ್‌ಒ ಸ್ಟ್ರಿಂಗ್’ ಅದನ್ನು ಯುಟಿಸಿಗೆ, ಅಂದರೆ ಜಗತ್ತಿಗೆಲ್ಲ ಸಾಮಾನ್ಯವಾದ ಗಡಿಯಾರಕ್ಕೆ, ತಿರುಗಿಸುತ್ತದೆ. ನಾವು ಐದೂವರೆ ಗಂಟೆ ಮುಂದೆ. ಹಾಸನದ ಮಧ್ಯರಾತ್ರಿ 12 ಅಂದರೆ ಯುಟಿಸಿಯಲ್ಲಿ ಹಿಂದಿನ ಸಂಜೆ 6:30. ಹತ್ತು ಅಕ್ಷರ ಕತ್ತರಿಸಿದರೆ ಹಿಂದಿನ ದಿನ ಕೈಗೆ ಬರುತ್ತದೆ. ಅಮೆರಿಕದಲ್ಲಿ ಕೂತು ಇದೇ ಕೋಡ್ ಓಡಿಸಿದವರಿಗೆ ಈ ತಪ್ಪು ಕಾಣುವುದೇ ಇಲ್ಲ, ಅವರು ಯುಟಿಸಿಗಿಂತ ಹಿಂದೆ ಇದ್ದಾರೆ. ಎಲ್ಲಿಂದಲೋ ನಕಲು ಮಾಡಿದ ಸಾಲು ಅವರ ಊರಿನಲ್ಲಿ ಸರಿ, ನಮ್ಮಲ್ಲಿ ತಪ್ಪು. ವರ್ಷ, ತಿಂಗಳು, ದಿನ ಬೇರೆ ಬೇರೆ ತೆಗೆದು ನಾವೇ ಜೋಡಿಸಿದೆವು. ಸರಿಹೋಯಿತು.

ಸಮಯ ಸೇರಿದ ಕಡೆಯೂ ಎಚ್ಚರ. ಭೇಟಿಯ ಗಂಟೆ ಬರೆದರೆ ಫೈರ್‌ನಲ್ಲಿ ಟೈಮ್‌ಝೋನ್ ಇರಲೇಬೇಕು, ನಮಗೆ ‘ಪ್ಲಸ್ 05:30’. ಜೇಸನ್ ಒಳಗೆ ಅದು ಸರಿ. ಅದನ್ನೇ ಹುಡುಕುವ ವಿಳಾಸದಲ್ಲಿ ಹಾಕಿದರೆ ಪ್ಲಸ್ ಚಿಹ್ನೆ ಸ್ಪೇಸ್ ಆಗಿಬಿಡುತ್ತದೆ, ಸರ್ವರ್ ದಿನಾಂಕ ಅರ್ಥವಾಗಲಿಲ್ಲ ಅನ್ನುತ್ತದೆ. ಪ್ಲಸ್ ಬದಲು ‘ಪರ್ಸೆಂಟ್ 2ಬಿ’ ಬರೆಯಿರಿ.

ಮತ್ತೆ ಹುಟ್ಟಿದ ದಿನವೇ ಗೊತ್ತಿಲ್ಲದವರು. ಕ್ಲಿನಿಕ್‌ಗೆ ಬರುವ ಅಜ್ಜಿಯನ್ನು ಕೇಳಿದರೆ “ಅರವತ್ತೋ ಅರವತ್ತೈದೋ” ಅನ್ನುತ್ತಾರೆ. ಪಟ್ಟಿ ಬರೆಯುವವರು ಜನವರಿ 1 ಹಾಕುತ್ತಾರೆ. ಫೈರ್‌ನಲ್ಲಿ ಅದು ಬೇಕಿಲ್ಲ. ಹುಟ್ಟಿದ ದಿನದ ಜಾಗದಲ್ಲಿ ಬರಿ 1962 ಅಂತ ವರ್ಷ ಮಾತ್ರ ಬರೆದರೂ ಒಪ್ಪುತ್ತದೆ, ವರ್ಷ ತಿಂಗಳು ಬರೆದರೂ ಒಪ್ಪುತ್ತದೆ. ದಿನ, ತಿಂಗಳು, ವರ್ಷ ಅಂತ ನಮ್ಮ ಅಭ್ಯಾಸದಲ್ಲಿ ಸ್ಲ್ಯಾಶ್ ಹಾಕಿ ಬರೆದರೆ ಮಾತ್ರ ಒಪ್ಪಲ್ಲ.

ಆ ತಪ್ಪು ಸಾಲು ತಿದ್ದಿದ ಮೇಲೆ ಹಳೆಯ ದಾಖಲೆಗಳು ಉಳಿದವು. ತಾವೇ ಸರಿಹೋಗಲ್ಲವಲ್ಲ. ಯಾವುದು ಪರದೆಯಿಂದ ಬಂದಿದ್ದು, ಯಾವುದು ಪಟ್ಟಿಯನ್ನು ನೇರ ಸರ್ವರ್‌ಗೆ ಕಳಿಸುವ ಸ್ಕ್ರಿಪ್ಟ್‌ನಿಂದ ಬಂದಿದ್ದು ಅಂತ ಬೇರೆ ಮಾಡುವ ಗುರುತು ನಾವು ಇಟ್ಟಿರಲಿಲ್ಲ. ಆದರೆ ಒಂದು ಸುಳಿವು ಸಿಕ್ಕಿತು. ಸ್ಕ್ರಿಪ್ಟ್‌ನಿಂದ ಬಂದ ಅಜ್ಜ ಅಜ್ಜಿಯರ ಹುಟ್ಟು ಜನವರಿ 1. ಪರದೆಯಿಂದ ಬಂದವರದ್ದು, ಅದೇ ಕಾರಣಕ್ಕೆ, ಡಿಸೆಂಬರ್ 31. ಒಂದೇ ಊರಿನಲ್ಲಿ ಅಷ್ಟು ಜನ ಡಿಸೆಂಬರ್ 31ಕ್ಕೆ ಹುಟ್ಟಿರುವುದು ಕಂಡಾಗ ಇಬ್ಬರೂ ನಕ್ಕೆವು. ಪರೀಕ್ಷೆಯ ಡೇಟಾ ತಾನೆ ಅಂತ ವಾಲ್ಯೂಮ್ ಅಳಿಸಿ, ಆಸ್ಪತ್ರೆ, ಡಾಕ್ಟರು, ರೋಗಿಗಳು ಅನ್ನುವ ಸಾಲಿನಲ್ಲಿ ಮತ್ತೆ ತುಂಬಿಸಿದೆವು.